ಹೊರೆ ಯಾರ ಬೆನ್ನ ಮೇಲೆ? ಕಲ್ಯದಿಂದ ಕೇದಾರದವರೆಗೆ

ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇತ್ತು. ಶಾಸನದ ಫೋಟೊ ತೆಗೆಯೋಣ ಅಂತ ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಹೋಗಿದ್ದೆವು. ಜಗುಲಿ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅಜ್ಜಿಯೊಬ್ಬರು ನಮ್ಮ ಬೆನ್ನಿನ ಬ್ಯಾಗ್ ನೋಡಿ, "ಎಲ್ಲಿಗೆ ಮಗಾ ಇಷ್ಟು ದೊಡ್ಡ ಗಂಟು?" ಅಂದರು. ಕ್ಯಾಮೆರಾ ಅಂತ ಹೇಳಿ, ಮಾತಿಗೆ ಮಾತು ಬೆಳೆದು, ಮೇ ತಿಂಗಳಲ್ಲಿ ನಮ್ಮ ಬ್ಯಾಚಿನ ಮೂವರು ಕೇದಾರನಾಥಕ್ಕೆ ನಡೆದು ಹೋಗುವ ವಿಷಯ ಬಾಯಿಬಿಟ್ಟೆವು. ಅಜ್ಜಿಯ ಕೈ ನಿಂತಿತು.

"ನಮ್ಮ ಮೊಮ್ಮಗನೂ ನನ್ನ ಹೆಸರು ಬರೆಸವ್ನೆ. ಅಲ್ಲಿ ಬುಟ್ಟೀಲಿ ಕೂರಿಸ್ಕೊಂಡು ಬೆನ್ ಮ್ಯಾಲೆ ಹೊತ್ಕೊಂಡು ಹೋಯ್ತಾರಂತೆ, ದಿಟವಾ? ಹೊರೋನ್ದೂ ಒಂದು ಜೀವ ಅಲ್ವಾ ಮಗಾ. ನಾನೆಂಗೆ ಕೂತ್ಕಳ್ಳಲಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಿಮದಲ್ಲಿ ನಡೆಯಲು ಯಾವ ಶೂ ಬೇಕು, ಎಷ್ಟು ಲೀಟರಿನ ಬ್ಯಾಗ್ ಬೇಕು ಅಂತ ತಿಂಗಳಿನಿಂದ ಹುಡುಕುತ್ತಿದ್ದೆವು. ಹೊರುವವನ ಬಗ್ಗೆ ಯೋಚಿಸಿರಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ ಲೆಕ್ಕ. ಕಲ್ಯದಲ್ಲೇ ಶುರುಮಾಡುತ್ತೇವೆ. ಯಾಕೆಂದರೆ ಯಾತ್ರೆ ಮತ್ತು ಬೆಟ್ಟದ ವಿಷಯದಲ್ಲಿ ಈ ಊರಿಗೆ ಹಳೆಯ ನೆನಪಿದೆ.

ಎರಡು ವರ್ಷ, ಎರಡು ಬರಹ

ಇಂದು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಕಾಣುವ ಕಲ್ಯ, ವಿಜಯನಗರದ ಆರಂಭದ ದಿನಗಳಲ್ಲಿ ಕಲ್ಲೆಹ ಎಂಬ ಪಟ್ಟಣವಾಗಿತ್ತು. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಈ ಕಲ್ಲೆಹದ ಜೈನರು ಒಟ್ಟಾಗಿ ಬುಕ್ಕರಾಯನ ಮುಂದೆ ನಿಂತರು. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂಬುದು ದೂರು. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಹಿಂದಿನಂತೆಯೇ ಪಂಚಮಹಾವಾದ್ಯ ಮತ್ತು ಕಲಶದ ಮರ್ಯಾದೆ ಸಲ್ಲಬೇಕು ಎಂದು ತೀರ್ಪು ಕೊಟ್ಟ. ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಊರೂರಲ್ಲಿ ನಿಲ್ಲಿಸುವಂತೆ ಹೇಳಿದ. ಶ್ರವಣಬೆಳಗೊಳದ ಪ್ರತಿ ಪಠ್ಯಪುಸ್ತಕಕ್ಕೂ ಬಂದಿದೆ. ಇನ್ನೊಂದು ಪ್ರತಿ ಇರುವುದು ಕಲ್ಯದಲ್ಲಿ.

ಪಠ್ಯಪುಸ್ತಕದವರು 'ಧರ್ಮಸಹಿಷ್ಣುತೆ' ಎಂದು ಒಂದು ಪದದಲ್ಲಿ ಮುಗಿಸುವ ಈ ಶಾಸನದಲ್ಲಿ ವ್ಯವಹಾರದ ಒಂದು ವಿವರ ಇದೆ. ಬೆಳಗೊಳದ ಪಾಠದ ಪ್ರಕಾರ ರಾಜ್ಯದ ಜೈನರ ಮನೆಗಳಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು, ಮಿಕ್ಕದ್ದರಲ್ಲಿ ಶಿಥಿಲವಾದ ಬಸದಿಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರದೇ. ಒಂದು ತೀರ್ಥಕ್ಷೇತ್ರ ಉಳಿಯಬೇಕಾದರೆ ಭಕ್ತಿಯಷ್ಟೇ ಸಾಲದು, ಕೂಲಿ ಕೊಟ್ಟು ಇಟ್ಟ ಕಾವಲಿನವರು ಬೇಕು, ಆ ಕೂಲಿ ಎಲ್ಲಿಂದ ಬರಬೇಕು ಎಂಬುದು ಬರಹದಲ್ಲಿ ಇರಬೇಕು ಎಂಬುದು 1368ರಲ್ಲೇ ಗೊತ್ತಿತ್ತು.

ಮರುವರ್ಷ, 1369ರಲ್ಲಿ, ಭೀಮಕವಿ ಕನ್ನಡದಲ್ಲಿ ಬಸವಪುರಾಣ ಬರೆದು ಮುಗಿಸಿದ. ಅದಕ್ಕೆ ಮೂಲ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣ. ಆ ಸೋಮನಾಥ ಐಕ್ಯನಾದದ್ದು ಕಲ್ಯದಲ್ಲಿ ಎಂಬುದು ನಮ್ಮ ಸೀಮೆಯ ನಂಬಿಕೆ, ಅವನ ಸಮಾಧಿಯನ್ನು ಇಲ್ಲಿ ತೋರಿಸುತ್ತಾರೆ. ಸೋಮನಾಥನ ಇನ್ನೊಂದು ದೊಡ್ಡ ಕೃತಿ ಪಂಡಿತಾರಾಧ್ಯಚರಿತ್ರ. ಅದರಲ್ಲಿ ಪರ್ವತಪ್ರಕರಣ ಎಂಬ ಭಾಗವೇ ಇದೆ. ಶಿವರಾತ್ರಿಗೆ ಶ್ರೀಶೈಲದ ಬೆಟ್ಟ ಹತ್ತುವ ಸಾಮಾನ್ಯ ಜನರ ಹಾಡು, ದಣಿವು, ಹರಕೆ ಎಲ್ಲ ಅದರಲ್ಲಿ ಬರುತ್ತವೆ. ದೇವರಿಗಿಂತ ದಾರಿಯ ಮೇಲಿನ ಜನರನ್ನು ಇಷ್ಟು ಆಸ್ಥೆಯಿಂದ ನೋಡಿದ ಬರಹ ಆ ಕಾಲದಲ್ಲಿ ಕಡಿಮೆ. ವರದಿಗಾರರ ಕಣ್ಣಿನಿಂದ ನೋಡಿದರೆ ಸೋಮನಾಥ ನಮ್ಮ ಕಸುಬಿನವನೇ.

ಕನ್ನಡದವರ ಹಿಮದ ಕಾಯಕ

ಶ್ರೀಶೈಲದ ಬೆಟ್ಟದಲ್ಲಿ ಹಿಮ ಇಲ್ಲ. ಆದರೆ ಶ್ರೀಶೈಲದಂತೆಯೇ ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರದಲ್ಲಿ ವರ್ಷದ ಆರು ತಿಂಗಳು ಹಿಮವೇ. ಬದರಿನಾಥದ ರಾವಲ್ ಕೇರಳದ ನಂಬೂದಿರಿ. ಕಾಠ್ಮಂಡುವಿನ ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದವರು. ಹಾಗೆಯೇ ಕೇದಾರನಾಥದ ರಾವಲ್ ಕರ್ನಾಟಕದ ವೀರಶೈವರು. ರಾವಲರು ಸ್ವತಃ ಪೂಜೆಗೆ ಕೂರುವುದಿಲ್ಲ, ಅವರ ಅಪ್ಪಣೆಯಂತೆ ಪೂಜೆ ಮಾಡುವ ಅರ್ಚಕರೂ ಕರ್ನಾಟಕದಿಂದ ಹೋದವರೇ.

ಚಳಿಗಾಲದಲ್ಲಿ ಕೇದಾರದ ಬಾಗಿಲು ಮುಚ್ಚುತ್ತದೆ. ದೇವರ ಪಂಚಮುಖಿ ಉತ್ಸವಮೂರ್ತಿ ಕೆಳಗೆ ಊಖೀಮಠದ ಓಂಕಾರೇಶ್ವರ ಗುಡಿಗೆ ಬರುತ್ತದೆ. ಬಾಗಿಲು ಮತ್ತೆ ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದಲ್ಲಿ ಸಾರುತ್ತಾರೆ. ಏಪ್ರಿಲ್ ಕೊನೆ ಅಥವಾ ಮೇ ಮೊದಲಲ್ಲಿ, ನಮ್ಮಲ್ಲಿ ಬಿಸಿಲು ನೆತ್ತಿ ಸುಡುವಾಗ, ಅಲ್ಲಿ ಡೋಲಿ ಹೊರಡುತ್ತದೆ. ಗುಪ್ತಕಾಶಿ, ಫಾಟಾ, ಗೌರಿಕುಂಡದಲ್ಲಿ ಒಂದೊಂದು ರಾತ್ರಿ ತಂಗಿ ನಾಲ್ಕನೇ ದಿನ ಕೇದಾರ ಮುಟ್ಟುತ್ತದೆ. ಹೊರುವವರಲ್ಲಿ ಹಲವರದು ಬರಿಗಾಲು.

ಈಗ ಟ್ರೆಕ್ಕಿಂಗ್ ಅನ್ನುವುದು ಹೊಸ ಹವ್ಯಾಸ ಎಂದುಕೊಳ್ಳುವ ನಮಗೆ ಇದು ಹೊಳೆದಿರಲಿಲ್ಲ. ಬೇಸಿಗೆಯ ಮೊದಲಲ್ಲಿ, ಹಿಮ ಪೂರ್ತಿ ಕರಗುವ ಮುಂಚೆ ಎತ್ತರದ ಪರ್ವತಕ್ಕೆ ಹೋಗುವುದು ಕನ್ನಡ ನೆಲದ ಕೆಲವರಿಗೆ ತಲೆಮಾರುಗಳಿಂದ ಕಾಯಕ. ಆದರೆ ಆ ಕಾಯಕದ ಇನ್ನರ್ಧ ಗಢವಾಲದ ಹಳ್ಳಿಯವರದು. ಹಿಮ ಕಡಿದು ದಾರಿ ಮಾಡಿದವರು ಅವರು, ಡೋಲಿಗೆ ಹೆಗಲು ಕೊಟ್ಟವರು ಅವರು. ಪೂಜೆ ದಕ್ಷಿಣದ್ದು, ಹೆಗಲು ಉತ್ತರದ್ದು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಮೊದಲ ಅರ್ಧವನ್ನು ಮಾತ್ರ.

ಚಟ್ಟಿ, ಕರಿಕಂಬಳಿ, ಬಿಟ್ಟಿ

ಮೋಟಾರು ರಸ್ತೆ ಬರುವ ಮುಂಚೆ ಯಾತ್ರಿಕರು ಹರಿದ್ವಾರ, ಋಷಿಕೇಶದಿಂದಲೇ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಚಟ್ಟಿ ಎಂಬ ತಂಗುದಾಣಗಳಿದ್ದವು. ಚಟ್ಟಿಯ ಅಂಗಡಿಯವನ ಹತ್ತಿರ ಅಕ್ಕಿ, ಹಿಟ್ಟು, ಬೇಳೆ ಕೊಂಡರೆ ಸಾಕು, ಮಲಗಲು ಜಾಗ, ಅಡುಗೆಗೆ ಪಾತ್ರೆ ಅವನೇ ಕೊಡುತ್ತಿದ್ದ. ಹಾಗಾಗಿ ಯಾತ್ರಿಕ ಪಾತ್ರೆಪಗಡೆ ಹೊರಬೇಕಿರಲಿಲ್ಲ. ಕಂಬಳಿ, ಒಂದು ಗಂಟು, ಊರುಗೋಲು, ಇಷ್ಟೇ ಹೊರೆ.

ಕಂಬಳಿ ಅಂದಾಗ ಒಬ್ಬರ ನೆನಪಾಗುತ್ತದೆ. ಸದಾ ಕರಿಕಂಬಳಿ ಹೊದೆಯುತ್ತಿದ್ದ ಸ್ವಾಮಿ ವಿಶುದ್ಧಾನಂದರನ್ನು ಜನ ಬಾಬಾ ಕಾಲೀ ಕಮ್ಲೀವಾಲೆ ಎಂದೇ ಕರೆದರು. 19ನೇ ಶತಮಾನದ ಕೊನೆಯಲ್ಲಿ ಅವರ ಹೆಸರಿನಲ್ಲಿ ಋಷಿಕೇಶದಲ್ಲಿ ಶುರುವಾದ ಸಂಸ್ಥೆ ಯಾತ್ರೆಯ ದಾರಿಯಲ್ಲಿ ಧರ್ಮಶಾಲೆಗಳನ್ನು ಕಟ್ಟಿತು, ಬಡ ಯಾತ್ರಿಕರಿಗೆ ಅನ್ನ ಹಾಕಿತು. ಅದಕ್ಕೂ ಮುಂಚೆ, ಗೂರ್ಖಾಗಳ ಆಳ್ವಿಕೆ ಮುಗಿದು 1815ರಲ್ಲಿ ಬ್ರಿಟಿಷರು ಬಂದ ಮೇಲೆ, ಕಮಿಷನರ್ ಆಗಿದ್ದ ಟ್ರೇಲ್ ಯಾತ್ರಾದಾರಿಯನ್ನು ಸರಿಮಾಡಿಸಿದ. ಅದಕ್ಕೆ ಬಳಸಿದ್ದು ಸದಾವರ್ತದ ಹಣ, ಅಂದರೆ ಯಾತ್ರಿಕರಿಗೆ ಅನ್ನ ಹಾಕಲೆಂದು ಬಿಟ್ಟುಕೊಟ್ಟ ಹಳ್ಳಿಗಳ ಹುಟ್ಟುವಳಿ. ದಾರಿಗೂ ರೈತನ ಬೆವರೇ ಬಂಡವಾಳ.

ಇಲ್ಲಿಯವರೆಗಿನದು ಪುಣ್ಯದ ಕತೆ. ಇದರ ಪಕ್ಕದಲ್ಲೇ ಇನ್ನೊಂದು ಕತೆ ನಡೆಯುತ್ತಿತ್ತು. ಕುಮಾಂವ್ ಮತ್ತು ಗಢವಾಲದಲ್ಲಿ ಸರ್ಕಾರಿ ಅಧಿಕಾರಿಯೋ ಬೇಟೆಗೆ ಬಂದ ಸಾಹೇಬನೋ ಪರ್ವತ ಹತ್ತಿದರೆ, ಅವರ ಡೇರೆ, ಪೆಟ್ಟಿಗೆ, ಬಂದೂಕು, ಹಾಸಿಗೆ ಹೊರುವುದು ಹಳ್ಳಿಯವರ ಕಡ್ಡಾಯ. ಕೂಲಿ ಬೇಗಾರ್ ಎಂದು ಅದಕ್ಕೆ ಹೆಸರು. ನಮ್ಮ ಮಾತಲ್ಲಿ ಬಿಟ್ಟಿ ಚಾಕರಿ. ಯಾವ ಮನೆಯ ಸರದಿ ಯಾವಾಗ ಎಂದು ಬರೆದಿಡುವ ರಿಜಿಸ್ಟರ್ ಊರ ಮುಖ್ಯಸ್ಥನ ಹತ್ತಿರ ಇರುತ್ತಿತ್ತು. ಬಿತ್ತನೆ ಇರಲಿ, ಕುಯ್ಲು ಇರಲಿ, ಸರದಿ ಬಂದರೆ ಹೊರೆ ಎತ್ತಲೇಬೇಕು. ಹಿಮಾಲಯದ ಅಂದಚೆಂದದ ಬಗ್ಗೆ ಸಾಹೇಬರು ಬರೆದ ಪುಸ್ತಕಗಳ ಹಿಂದೆ ಹೀಗೆ ಬಗ್ಗಿದ ಬೆನ್ನುಗಳು ಎಷ್ಟೋ ಇವೆ.

1921ರ ಜನವರಿಯಲ್ಲಿ, ಮಕರ ಸಂಕ್ರಾಂತಿಯ ಉತ್ತರಾಯಣಿ ಜಾತ್ರೆಗೆ ಬಾಗೇಶ್ವರದಲ್ಲಿ ಸಾವಿರಾರು ಜನ ಸೇರಿದರು. ಬದರಿ ದತ್ತ ಪಾಂಡೆ ಮುಂದಾಳು. ಇನ್ನು ಬಿಟ್ಟಿ ಹೊರುವುದಿಲ್ಲ ಎಂದು ಪ್ರಮಾಣ ಮಾಡಿ, ಹಳ್ಳಿಗಳಿಂದ ತಂದ ಬೇಗಾರ್ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಪದ್ಧತಿ ಅಲ್ಲಿಗೆ ಮುರಿಯಿತು. ನಾವು ಎಳ್ಳು ಬೆಲ್ಲ ಹಂಚುವ ಹಬ್ಬದ ದಿನ ಅಲ್ಲಿನ ರೈತರು ಹೊರೆ ಇಳಿಸಿದರು ಎಂಬುದನ್ನು ನಮಗೆ ಯಾವ ತರಗತಿಯಲ್ಲೂ ಯಾರೂ ಹೇಳಿರಲಿಲ್ಲ.

ಮೇ ತಿಂಗಳು, ಲಿಂಚೌಲಿಯ ಮೇಲೆ

2025ರಲ್ಲಿ ಕೇದಾರದ ಬಾಗಿಲು ತೆರೆದದ್ದು ಮೇ 2ಕ್ಕೆ. ನಾವು ಗೌರಿಕುಂಡ ತಲುಪುವ ಹೊತ್ತಿಗೆ ತಿಂಗಳ ಅರ್ಧ ಕಳೆದಿತ್ತು. ಮೊದಲ ವಾರ ಕುದುರೆ, ಹೇಸರಗತ್ತೆಗಳಿಗೆ ರೋಗ ಬಂದು ಕೆಲವು ಸತ್ತು, ಸವಾರಿಯನ್ನು ಸ್ವಲ್ಪ ಕಾಲ ನಿಲ್ಲಿಸಿದ್ದರು. ಆ ಮಾತು ಇನ್ನೂ ಎಲ್ಲರ ಬಾಯಲ್ಲಿತ್ತು.

ಗೌರಿಕುಂಡದಿಂದ ಕೇದಾರಕ್ಕೆ ಈಗ ಸುಮಾರು 16 ಕಿಲೋಮೀಟರ್. ಗೌರಿಕುಂಡ ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್ ಆಸುಪಾಸಿನಲ್ಲಿ, ಕೇದಾರ 3,583 ಮೀಟರಿನಲ್ಲಿ. ನಮ್ಮ ಸಾವನದುರ್ಗದ ತುದಿ 1,226 ಮೀಟರ್. ಅದನ್ನು ಹತ್ತಿ ಇಳಿದ ಜಂಬದಲ್ಲಿ ಹೋದ ನಮಗೆ ಭೀಮಬಲಿ ದಾಟುವಷ್ಟರಲ್ಲಿ ಉಸಿರು ಮೇಲೆ ಕೆಳಗೆ. ಆ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಪಾಲು ಮಾತ್ರ.

ಲಿಂಚೌಲಿ ದಾಟಿದ ಮೇಲೆ ಹಿಮ ಸಿಕ್ಕಿತು. ಮೇಲಿನಿಂದ ಜಾರಿ ಬಂದ ಹಿಮರಾಶಿ ದಾರಿಗೆ ಅಡ್ಡ ಬಿದ್ದಿರುವ ಜಾಗಗಳನ್ನು ಅಲ್ಲಿಯವರು ಗ್ಲೇಸಿಯರ್ ಎಂದೇ ಕರೆಯುತ್ತಾರೆ. ಬಾಗಿಲು ತೆರೆಯುವ ಮುಂಚೆ ಕೂಲಿಗಳು ಗುದ್ದಲಿ, ಸಲಿಕೆ ಹಿಡಿದು ಅದನ್ನು ಕಡಿದು ಓಣಿಯಂತೆ ದಾರಿ ಬಿಡಿಸಿರುತ್ತಾರೆ. ಎರಡೂ ಕಡೆ ಎದೆಮಟ್ಟದ ಗೋಡೆ. ದೂರದಿಂದ ಹತ್ತಿಯಂತೆ ಕಾಣುವ ಹಿಮ ಹತ್ತಿರದಲ್ಲಿ ಧೂಳು, ಲದ್ದಿ ಸೇರಿ ಬೂದಿ ಬಣ್ಣ. ಬೆಳಗ್ಗೆ ಗಾಜಿನಂತೆ ಗಟ್ಟಿ, ಕಾಲು ಜಾರುತ್ತದೆ. ಮಧ್ಯಾಹ್ನ ಬಿಸಿಲಿಗೆ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಅದಕ್ಕೇ ಅಲ್ಲಿನವರು ನಸುಕಿನಲ್ಲೇ ಹೊರಡಿ ಎಂದು ಒತ್ತಿ ಹೇಳುವುದು. ನಾವು ಚಹಾ ಕುಡಿಯುತ್ತಾ ತಡಮಾಡಿದ್ದಕ್ಕೆ ಮಂಡಿಯವರೆಗೆ ನೆಂದೆವು.

ಅಲ್ಲೇ ಕಂಡಿ ಹೊತ್ತವನು ನಮ್ಮನ್ನು ದಾಟಿ ಹೋದ. ಕಂಡಿ ಅಂದರೆ ಅಜ್ಜಿ ಹೇಳಿದ ಅದೇ ಬುಟ್ಟಿ. ಒಳಗೆ ವಯಸ್ಸಾದ ಹೆಂಗಸು, ನಮ್ಮತ್ತ ಬೆನ್ನು ಹಾಕದೆ, ಬಂದ ದಾರಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಹೊತ್ತವನು ನೇಪಾಳದವನು. ಬುಟ್ಟಿಯ ತೂಕವೆಲ್ಲ ಹಣೆಗೆ ಕಟ್ಟಿದ ಪಟ್ಟಿಯ ಮೇಲೆ. ನಾಮ್ಲೊ ಅಂತ ಅದಕ್ಕೆ ಹೆಸರು. ಕೈಯಲ್ಲಿ ಮೇಲ್ತುದಿಗೆ ಅಡ್ಡಪಟ್ಟಿ ಇರುವ ಮೋಟು ಕೋಲು, ಅದು ಟೋಕ್ಮಾ. ಸುಸ್ತಾದಾಗ ಹೊರೆ ಇಳಿಸುವುದಿಲ್ಲ, ಇಳಿಸಿದರೆ ಒಬ್ಬನೇ ಮತ್ತೆ ಎತ್ತುವುದು ಕಷ್ಟ. ಬುಟ್ಟಿಯ ಬುಡಕ್ಕೆ ಟೋಕ್ಮಾ ಕೊಟ್ಟು ನಿಂತಲ್ಲೇ ನಾಲ್ಕು ಉಸಿರು ಎಳೆದುಕೊಳ್ಳುತ್ತಾನೆ.

ಅದನ್ನು ನೋಡಿದಾಗ ನಮ್ಮ ಸೀಮೆಯ ಹೊರೆಗಲ್ಲು ನೆನಪಾಯಿತು. ಹಳೇ ದಾರಿಗಳ ಪಕ್ಕ ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಹಾಸಿರುತ್ತಾರಲ್ಲ, ಅದೇ. ಸಂತೆಗೆ ಹೋಗುವವರು ಯಾರ ಸಹಾಯವೂ ಇಲ್ಲದೆ ತಲೆಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆ ಕೊಟ್ಟು ನಡೆಯುತ್ತಿದ್ದರು. ಹೊರುವವನ ಕುತ್ತಿಗೆಯ ನೋವು ಗೊತ್ತಿದ್ದ ಊರು ಮಾಡಿದ ಏರ್ಪಾಡು ಅದು. ಕೇದಾರದ ದಾರಿಯಲ್ಲಿ ಯಾತ್ರಿಕರಿಗೆ ಬೆಂಚು, ತಗಡಿನ ನೆರಳು ಇವೆ. ಕಂಡಿಯವನು ಆತು ನಿಲ್ಲಬಹುದಾದ ಎತ್ತರದ ಒಂದು ಕಟ್ಟೆ ನಮ್ಮ ಕಣ್ಣಿಗೆ ಬೀಳಲಿಲ್ಲ.

ನಾವು ಎಣಿಸದವರು

ಆ ಕಂಡಿಯವನು ನಡೆಯುತ್ತಿದ್ದ ದಾರಿ ಹಳೆಯದಲ್ಲ. ಹಳೆಯ ದಾರಿ ರಾಮಬಾಡಾ ಎಂಬ ತಂಗುದಾಣದ ಮೂಲಕ ಹೋಗುತ್ತಿತ್ತು. 2013ರ ಜೂನ್ 16ರ ಸಂಜೆ ಮತ್ತು 17ರ ಬೆಳಗ್ಗೆ ಮಂದಾಕಿನಿ ಉಕ್ಕಿತು, ಚೋರಾಬಾರಿ ಸರೋವರದ ದಡ ಒಡೆಯಿತು. ರಾಮಬಾಡಾ ಹೇಳಹೆಸರಿಲ್ಲದಂತಾಯಿತು. ಆ ದುರಂತದಲ್ಲಿ ಸತ್ತವರು, ಕಾಣೆಯಾದವರು ಸೇರಿ 5,000ಕ್ಕೂ ಹೆಚ್ಚು. ನದಿಯ ಇನ್ನೊಂದು ದಡದಲ್ಲಿ ಹೊಸ ದಾರಿ ಕಡಿದದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಮುಂದಾಳತ್ವದಲ್ಲಿ, ಮತ್ತೆ ಕೂಲಿಗಳ ಕೈಯಲ್ಲಿ.

ನಾವು ಆಗ ಡಿಪ್ಲೊಮಾ ಓದುತ್ತಿದ್ದೆವು. ಪತ್ರಿಕೆಯೊಂದರಲ್ಲಿ ಕಲಿಯಲು ಹೋಗಿದ್ದಾಗ ನಮಗೆ ಕೊಟ್ಟ ಕೆಲಸ ಜಿಲ್ಲೆಯಿಂದ ಹೋದವರು ಎಷ್ಟು, ವಾಪಸು ಬಂದವರು ಎಷ್ಟು ಎಂದು ಫೋನಿನಲ್ಲಿ ಕೇಳಿ ಪಟ್ಟಿ ಮಾಡುವುದು. ಅದು ಬೇಕಾದ ಕೆಲಸವೇ, ಮನೆಯವರು ಕಾಯುತ್ತಿರುತ್ತಾರೆ. ಆದರೆ ಗುಪ್ತಕಾಶಿ ಬಳಿಯ ದೇವಲಿ-ಭಣಿಗ್ರಾಮದಲ್ಲಿ ಯಾತ್ರೆಯ ಸೀಸನ್ ನಂಬಿ ಕೇದಾರಕ್ಕೆ ದುಡಿಯಲು ಹೋದ ಹತ್ತಾರು ಗಂಡಸರು ಒಂದೇ ಏಟಿಗೆ ಹೋಗಿ, ಅದಕ್ಕೆ ವಿಧವೆಯರ ಊರು ಎಂಬ ಹೆಸರು ಬಿತ್ತು ಎಂಬುದನ್ನು ನಾವು ಓದಿದ್ದು ಬಹಳ ತಡವಾಗಿ.

2024ರ ಜೂನ್‌ನಲ್ಲಿ ಮತ್ತೆ ಅದೇ ಆಯಿತು. ಬೆಂಗಳೂರಿನಿಂದ ಹೋದ ಚಾರಣಿಗರ ತಂಡ ಉತ್ತರಕಾಶಿ ಕಡೆಯ ಸಹಸ್ರ ತಾಲ್ ಎಂಬ ಎತ್ತರದ ಸರೋವರ ನೋಡಿ ಇಳಿಯುವಾಗ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಿಗಳೂ ಸೇರಿ 22 ಜನರಲ್ಲಿ 9 ಜನ ತೀರಿಕೊಂಡರು, 13 ಜನ ಉಳಿದರು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಧಾವಿಸಿದರು, ವಾಯುಪಡೆ, ರಾಜ್ಯ ವಿಪತ್ತು ಪಡೆ ಹುಡುಕಿದವು. ಸತ್ತವರೆಲ್ಲ ಅನುಭವ ಇಲ್ಲದ ಹುಡುಗರಲ್ಲ, ಬೆಟ್ಟ ಹತ್ತಿ ಹಳಬರಾದ ಹಿರಿಯರೂ ಇದ್ದರು. ಬೇಸಿಗೆ ಎಂಬ ಮಾತಿಗೆ ಆ ಎತ್ತರದಲ್ಲಿ ಬೇರೆ ಅರ್ಥ ಇದೆ ಎಂಬುದನ್ನು ಆ ವಾರ ಕರ್ನಾಟಕ ಕಲಿಯಿತು. ಆಗಲೂ ನಾವು ನಮ್ಮವರನ್ನು ಎಣಿಸಿದೆವು. ಜೊತೆಗಿದ್ದ ಅಲ್ಲಿನ ಮಾರ್ಗದರ್ಶಿಗಳು ಆ ರಾತ್ರಿ ಏನು ಮಾಡಿದರು ಎಂದು ಒಬ್ಬರೂ ಫೋನ್ ಹಚ್ಚಿ ಕೇಳಲಿಲ್ಲ.

ಇನ್ನು ಮುಂದಿನದು. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ರೋಪ್‌ವೇಗೆ ಒಪ್ಪಿಗೆ ಕೊಟ್ಟಿತು. ವೆಚ್ಚ 4,081 ಕೋಟಿ ರೂಪಾಯಿ. ಎಂಟೊಂಬತ್ತು ತಾಸಿನ ಪಯಣ 36 ನಿಮಿಷಕ್ಕೆ ಇಳಿಯುತ್ತದಂತೆ. ನಾವು ಇದನ್ನು ಬೈಯಲು ಕೂತಿಲ್ಲ. ಕಲ್ಯದ ಅಜ್ಜಿಯಂಥವರು ಯಾರ ಬೆನ್ನಿಗೂ ಭಾರವಾಗದೆ ಹೋಗಿ ಬರಬಹುದು. ಹೆಲಿಕಾಪ್ಟರಿಗಿಂತ ಅಪಾಯ ಕಡಿಮೆ ಇರಬಹುದು. ನಾವು ಬಂದ ತಿಂಗಳೊಪ್ಪತ್ತಿನಲ್ಲೇ, ಜೂನ್ 15ರಂದು, ಗೌರಿಕುಂಡದ ಬಳಿ ಹೆಲಿಕಾಪ್ಟರ್ ಬಿದ್ದು ಏಳು ಜನ ಸತ್ತರು. ಆದರೆ ಹೊರೆ ಇಳಿದ ಮೇಲೆ ಹೊರುತ್ತಿದ್ದವನ ಒಲೆ ಹೇಗೆ ಉರಿಯಬೇಕು? 1921ರಲ್ಲಿ ಹೊರೆ ಇಳಿಸಿದ್ದು ಹೊತ್ತವರ ತೀರ್ಮಾನ. ಈಗ ಇಳಿಯಲಿರುವುದು ಅವರನ್ನು ಕೇಳಿ ಅಲ್ಲ.

ಊರಿಗೆ ಬಂದ ಮೇಲೆ ಮತ್ತೆ ಕಲ್ಯಕ್ಕೆ ಹೋದೆವು. ಶಾಸನದ ಎದುರು ನಿಂತಾಗ ಈ ಸಲ ಕಣ್ಣಿಗೆ ಕಟ್ಟಿದ್ದು ಸಹಿಷ್ಣುತೆ ಎಂಬ ದೊಡ್ಡ ಮಾತಲ್ಲ. ಮನೆಗೊಂದು ಹಣ, 20 ಜನ ಕಾವಲಿನವರು ಎಂಬ ಲೆಕ್ಕ. ಚಾರ್‌ಧಾಮ್ ಯಾತ್ರೆಗೆ ಹೋಗಿಬಂದವರಿಗೆ ನಮ್ಮ ಮುಜರಾಯಿ ಇಲಾಖೆ 20,000 ರೂಪಾಯಿ ಸಹಾಯಧನ ಕೊಡುತ್ತದೆ. ಒಳ್ಳೆಯದೇ. ಕನ್ನಡದ ಯಾತ್ರಿಕನನ್ನು ಹೊತ್ತು, ಕನ್ನಡದ ಅರ್ಚಕನಿಗೆ ದಾರಿ ಕಡಿದು ಕೊಟ್ಟವನ ಹೆಸರಿಗೂ ಒಂದು ಹಣ ಎತ್ತಿಡಲು ಬುಕ್ಕರಾಯನೇ ಎದ್ದು ಬರಬೇಕಿಲ್ಲ.

ಅಜ್ಜಿ ಜಗುಲಿಯಲ್ಲೇ ಇದ್ದರು. ಮೊಮ್ಮಗನ ಪ್ರವಾಸ ದೀಪಾವಳಿಗೆ ಮುಂಚಿನ ತಿಂಗಳಿಗೆ ಮುಂದೆ ಹೋಗಿತ್ತು. ಕಂಡಿಯವನ ಫೋಟೊ ತೋರಿಸಿದೆವು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಹಣೆ ಮ್ಯಾಲೆ ಗಾಯ ಆಗೈತೆ ನೋಡು. ಹೆಸರೇನಂತೆ?"

ಕೇಳಿರಲಿಲ್ಲ. ಊರು ಕೇಳಿದ್ದೆವು, ಕೂಲಿ ಕೇಳಿದ್ದೆವು, ಟೋಕ್ಮಾ ಅನ್ನುವ ಪದವನ್ನು ಎರಡು ಸಲ ಹೇಳಿಸಿ ಬರೆದುಕೊಂಡಿದ್ದೆವು. ಹೆಸರು ಕೇಳುವುದನ್ನು ಮೂವರೂ ಮರೆತಿದ್ದೆವು.

"ನಾನು ಹೋದ್ರೆ ಕೇಳ್ಕೊಂಡು ಬತ್ತೀನಿ ಬಿಡು," ಅಂದರು ಅಜ್ಜಿ.